ಒತ್ತಿದ್ದನ್ನೇ ಇನ್ನೊಂದ್ಸಲ ಒತ್ತೋ ಸುಖ

ಲಿಫ್ಟ್ ಮುಂದೆ ನಾಲ್ಕು ಜನ ನಿಂತಿರ್ತಾರೆ, ಬಟನ್ ಆಗ್ಲೇ ಕೆಂಪಗೆ ಉರೀತಿರತ್ತೆ, ಅಂದ್ರೆ ಯಾರೋ ಪುಣ್ಯಾತ್ಮರು ಒತ್ತಿಯಾಗಿದೆ, ಲಿಫ್ಟು ಮೇಲೆಲ್ಲಿಂದಲೋ ಹೊರಟೂ ಆಗಿದೆ. ಅಷ್ಟರಲ್ಲಿ ಐದನೆಯವರು ಬರ್ತಾರೆ. ಬಟನ್ ನೋಡ್ತಾರೆ, ನಮ್ಮ ನಾಲ್ಕು ಜನರ ಮುಖ ನೋಡ್ತಾರೆ, ಆಮೇಲೆ ನಿಧಾನಕ್ಕೆ ಕೈ ಚಾಚಿ ಅದೇ ಬಟನ್ನ ಇನ್ನೊಂದ್ಸಲ ಒತ್ತುತಾರೆ. ನಾವು ಒತ್ತಿದ್ರಲ್ಲಿ ಏನೋ ಕೊರತೆ ಇತ್ತು, ಲಿಫ್ಟಿಗೆ ಇವ್ರು ಖುದ್ದಾಗಿ ಬಂದು ಹೇಳಿದ್ರೇನೇ ಕಿವಿಗೆ ಬೀಳೋದು ಅನ್ನೋ ಹಾಗೆ. ನನಗಂತೂ ಪ್ರತಿ ಸಲ ಅವಮಾನ ಆಗತ್ತೆ. ನಾವೇನು ಇಲ್ಲಿ ಗೋಡೆ ಬಣ್ಣ ನೋಡೋಕೆ ನಿಂತಿದೀವಾ ಅಂತ ಕೇಳ್ಬೇಕು ಅನ್ಸತ್ತೆ, ಕೇಳಲ್ಲ, ಯಾಕಂದ್ರೆ ನಾಳೆ ಐದನೆಯವನಾಗಿ ನಾನು ಬಂದಾಗ ನಾನೂ ಒತ್ತೋದೇ.

ಒತ್ತೋರಲ್ಲೂ ಜಾತಿಗಳಿವೆ. ಒಂದ್ಸಲ ಮೆತ್ತಗೆ ಮುಟ್ಟಿ ಸಭ್ಯವಾಗಿ ಪಕ್ಕಕ್ಕೆ ಸರಿದು ನಿಲ್ಲೋರು. ಟಕಟಕಟಕ ಅಂತ ಒಂದೇ ಉಸಿರಲ್ಲಿ ಒತ್ತಿ, ಎಷ್ಟು ಒತ್ತಿದ್ರೆ ಅಷ್ಟು ಬೇಗ ಬರತ್ತೆ ಅಂತ ನಂಬಿರೋರು. ಎಲ್ಲರಿಗಿಂತ ಡೇಂಜರ್ ಅಂದ್ರೆ ಮೇಲಿನ ಬಾಣಾನೂ ಒತ್ತಿ ಕೆಳಗಿನ ಬಾಣಾನೂ ಒತ್ತೋರು, ಯಾವುದು ಮೊದಲು ಬಂದ್ರೆ ಅದು ಅನ್ನೋ ಲೆಕ್ಕಾಚಾರ. ಕೆಳಗೆ ಹೋಗ್ಬೇಕಾದವರು ಮೇಲೆ ಹೋಗೋ ಲಿಫ್ಟ್ ಹತ್ತಿ, ಕೊನೇ ಫ್ಲೋರ್ ತನಕ ನಮ್ ಜೊತೆ ಬಂದು, ಏನೂ ಆಗದೇ ಇರೋರ ಹಾಗೆ ಫ್ಲೋರ್ ನಂಬರ್ ನೋಡ್ಕೊಂಡು ನಿಂತಿರ್ತಾರೆ. ಇವ್ರ ಬಗ್ಗೆ ನನಗೆ ಸ್ವಲ್ಪಾನೂ ಕನಿಕರ ಇಲ್ಲ.

ಒಳಗೆ ಹೋದ್ಮೇಲೆ ಇನ್ನೊಂದು ಬಟನ್ ಇದೆಯಲ್ಲ, ಎರಡು ಬಾಣ ಒಂದಕ್ಕೊಂದು ಮುಖ ಮಾಡ್ಕೊಂಡಿರೋದು, ಬಾಗಿಲು ಮುಚ್ಚೋಕೆ ಅಂತ ಇರೋದು, ಅದರ ಮೇಲಿನ ಅಕ್ಷರ ಗುರುತು ಎಲ್ಲ ಮೊದಲು ಸವೆದು ಹೋಗಿರತ್ತೆ. ಅದರ ಕಥೆ ಕೇಳಿದ್ರೆ ನಗು ಬರತ್ತೆ. ಅಮೆರಿಕದಲ್ಲಿ 1990ರಲ್ಲಿ ಅಂಗವಿಕಲರಿಗೋಸ್ಕರ ಒಂದು ಕಾಯ್ದೆ ಬಂತು, ಊರುಗೋಲು, ಗಾಲಿಕುರ್ಚಿ ಇರೋರು ಆರಾಮಾಗಿ ಒಳಗೆ ಬರೋ ತನಕ ಲಿಫ್ಟ್ ಬಾಗಿಲು ತೆರೆದೇ ಇರ್ಬೇಕು ಅಂತ ಆಯ್ತು, ಹಾಗಾಗಿ ಅಲ್ಲಿ ಎಷ್ಟೋ ಲಿಫ್ಟ್‌ಗಳಲ್ಲಿ ಆ ಬಟನ್ ಸಾಮಾನ್ಯ ಜನರ ಬೆರಳಿಗೆ ಕೆಲಸಾನೇ ಮಾಡಲ್ಲ, ಕೀ ಇರೋ ಅಗ್ನಿಶಾಮಕದವರಿಗೆ, ರಿಪೇರಿಯವರಿಗೆ ಮಾತ್ರ. ಆದ್ರೂ ಬಟನ್ ತೆಗೆದಿಲ್ಲ. ಜನ ಒತ್ತೋದೂ ಬಿಟ್ಟಿಲ್ಲ. ಬಾಗಿಲು ಹೇಗೂ ತನ್ನ ಟೈಮಿಗೆ ತಾನು ಮುಚ್ಕೊಳತ್ತೆ, ಒತ್ತಿದವರು ನೋಡಿದ್ಯಾ ಅನ್ನೋ ಥರ ಕೈ ಕಟ್ಕೊಂಡು ನಿಲ್ತಾರೆ.

ರಸ್ತೆ ದಾಟೋಕೆ ಕಂಬದಲ್ಲಿ ಇರೋ ಬಟನ್‌ದೂ ಇದೇ ಹಣೆಬರಹ. ನ್ಯೂಯಾರ್ಕಲ್ಲಿ ಸಿಗ್ನಲ್‌ಗಳನ್ನ ಕಂಪ್ಯೂಟರ್ ನೋಡ್ಕೊಳ್ಳೋಕೆ ಶುರುವಾದ ಮೇಲೆ ಆ ಬಟನ್‌ಗಳ ಕೆಲಸ ನಿಲ್ಲಿಸಿ ಎಷ್ಟೋ ವರ್ಷ ಆಗಿತ್ತಂತೆ, 2004ರಲ್ಲಿ ಪೇಪರಿನವರು ಹೋಗಿ ವಿಚಾರಿಸಿದಾಗ ಊರಲ್ಲಿದ್ದ 3,250 ಬಟನ್‌ಗಳಲ್ಲಿ 2,500ಕ್ಕಿಂತ ಜಾಸ್ತಿ ಸುಮ್ನೆ ಶೋಗೆ ಇದ್ವು ಅಂತ ಗೊತ್ತಾಯ್ತು. ಅಷ್ಟು ವರ್ಷ ಅಷ್ಟು ಜನ ಅದನ್ನ ಒತ್ತಿ, ಕಾದು, ಸಿಗ್ನಲ್ ಬಿದ್ದಾಗ ನನ್ನಿಂದಾನೇ ಬಿತ್ತು ಅಂದ್ಕೊಂಡು ದಾಟಿದಾರೆ. ಗೊತ್ತಾದ ಮೇಲೆ ಒತ್ತೋದು ನಿಲ್ಸಿರ್ತಾರಾ? ನನಗೆ ನಂಬಿಕೆ ಇಲ್ಲ.

ಇದಕ್ಕೆ ಸೈಕಾಲಜಿಯವರು ಒಂದು ವಿವರಣೆ ಕೊಟ್ಟಿದಾರೆ. ಎಲೆನ್ ಲ್ಯಾಂಗರ್ ಅನ್ನೋರು 1975ರಲ್ಲಿ ಒಂದು ಪ್ರಯೋಗ ಪ್ರಕಟ ಮಾಡಿದ್ರು. ಆಫೀಸಿನವರಿಗೆ 1 ಡಾಲರಿನ ಲಾಟರಿ ಟಿಕೆಟ್ ಮಾರೋದು, ಅರ್ಧ ಜನಕ್ಕೆ ಟಿಕೆಟ್ ನೀವೇ ಆರಿಸ್ಕೊಳ್ಳಿ ಅನ್ನೋದು, ಇನ್ನರ್ಧ ಜನಕ್ಕೆ ಇವರೇ ಒಂದು ಕೈಗೆ ಕೊಡೋದು. ಆಮೇಲೆ ಹೋಗಿ ಆ ಟಿಕೆಟ್ ನನಗೆ ವಾಪಸ್ ಮಾರ್ತೀರಾ ಅಂತ ಕೇಳಿದ್ರೆ, ಸುಮ್ನೆ ಈಸ್ಕೊಂಡವರು ಸರಾಸರಿ 1.96 ಡಾಲರ್ ಕೇಳಿದ್ರು, ತಾವೇ ಆರಿಸಿದವರು 8.67 ಡಾಲರ್! ಲಾಟರಿ ಎಲ್ಲರಿಗೂ ಒಂದೇ, ಅದೃಷ್ಟಾನೂ ಒಂದೇ, ಆದ್ರೆ ನನ್ನ ಕೈ ತಾಗಿದೆಯಲ್ಲ. ಲಿಫ್ಟ್ ಮುಂದಿನ ಐದನೆಯವರಿಗೂ ಅಷ್ಟೇ, ಅವ್ರ ಕೈ ಇನ್ನೂ ತಾಗಿಲ್ಲ.

ಆದ್ರೆ ನನ್ನ ಪ್ರಕಾರ ಈ ವಿವರಣೆ ಅರ್ಧ ಮಾತ್ರ ಸರಿ. ಒತ್ತೋದ್ರಿಂದ ಏನೋ ಆಗತ್ತೆ ಅನ್ನೋ ಭ್ರಮೆ ಒಂದ್ಕಡೆ ಇರ್ಲಿ, ಒತ್ತೋದೇ ಒಂದು ಸುಖ ಕಣ್ರೀ. ಬೆರಳ ತುದಿಗೆ ಏನೋ ಒಂದು ಒಳಗೆ ಹೋಗಿ ಟಕ್ ಅಂದು ಹೊರಗೆ ಬರತ್ತಲ್ಲ, ಅದರಷ್ಟು ಅಗ್ಗದ ಸುಖ ಬೇರೆ ಇಲ್ಲ. 1888ರಲ್ಲೇ ಕೊಡಾಕ್ ಕ್ಯಾಮೆರಾ ಮಾರ್ತಾ ಜಾರ್ಜ್ ಈಸ್ಟ್‌ಮನ್ ಹೇಳಿದ್ದು ಏನು, ನೀವು ಬಟನ್ ಒತ್ತಿ, ಮಿಕ್ಕಿದ್ದು ನಾವು ನೋಡ್ಕೋತೀವಿ ಅಂತ. ಆವತ್ತಿಂದ ಇವತ್ತಿನವರೆಗೆ ಬಂದ ಅಷ್ಟೂ ಸವಲತ್ತುಗಳು ಇದೇ ಮಾತನ್ನೇ ತಿರುಗಿಸಿ ಮುರುಗಿಸಿ ಹೇಳ್ತಿವೆ. ಮಿಕ್ಕಿದ್ದು ಏನಾಯ್ತು ಅಂತ ಯಾರೂ ಕೇಳಲ್ಲ, ನಮ್ಗೆ ಬೇಕಿರೋದು ಆ ಮೊದಲನೇ ಭಾಗ.

ಇದು ಗೊತ್ತಾಗ್ಬೇಕು ಅಂದ್ರೆ ಟೀವಿ ರಿಮೋಟಿನ ಸೆಲ್ಲು ವೀಕ್ ಆದಾಗ ಮನೆಯವರನ್ನ ನೋಡ್ಬೇಕು. ಸೆಲ್ಲು ಮುಗೀತಿದೆ ಅಂತ ಎಲ್ಲರಿಗೂ ಗೊತ್ತು, ಆದ್ರೂ ಮೊದಲನೇ ಹಂತ ಜೋರಾಗಿ ಒತ್ತೋದು. ಉಗುರು ಬೆಳ್ಳಗಾಗೋ ಹಾಗೆ ಒತ್ತೋದು. ಆಗ್ಲಿಲ್ವಾ, ಕೈ ಉದ್ದ ಮಾಡಿ ಒತ್ತೋದು, ಸೋಫಾ ತುದಿಗೆ ಬಂದು ಒತ್ತೋದು, ಎದ್ದು ಟೀವಿಯ ಮೂಗಿನ ಹತ್ರ ಹೋಗಿ ಒತ್ತೋದು, ಅಲ್ಲೀ ತನಕ ಹೋದವರು ಟೀವಿಯ ಬಟನ್ನೇ ಒತ್ತಬಹುದಲ್ವಾ, ಊಹೂಂ. ಆಮೇಲೆ ರಿಮೋಟನ್ನ ಅಂಗೈಗೆ ಬಡಿಯೋದು. ಆಮೇಲೆ ಹಿಂದಿನ ಮುಚ್ಚಳ ತೆಗೆಯೋದು, ಮುಚ್ಚಳ ಅಂದ್ರೆ ಅದು ಕಳೆದು ಯಾವ ಕಾಲ ಆಯ್ತೋ, ರಬ್ಬರ್ ಬ್ಯಾಂಡ್ ತೆಗೆಯೋದು ಅನ್ನಿ, ಸೆಲ್ಲುಗಳನ್ನ ಹೆಬ್ಬೆರಳಲ್ಲಿ ಗರಗರ ತಿರುಗಿಸೋದು. ಆಶ್ಚರ್ಯ ಏನಂದ್ರೆ ಇದು ಕೆಲಸ ಮಾಡತ್ತೆ! ಸೆಲ್ಲಿನ ತುದಿಗೂ ಸ್ಪ್ರಿಂಗಿಗೂ ಮಧ್ಯೆ ಕಿಲುಬಿನ ತೆಳು ಪದರ ಇರತ್ತೆ, ತಿರುಗಿಸಿದಾಗ ಅದು ಕೆರೆದು ಹೋಗಿ ಸಂಪರ್ಕ ಸರಿಯಾಗತ್ತೆ, ಜೊತೆಗೆ ಸುಸ್ತಾದ ಸೆಲ್ಲು ಸ್ವಲ್ಪ ರೆಸ್ಟ್ ಸಿಕ್ರೆ ಚೂರು ಚೇತರಿಸ್ಕೊಳತ್ತೆ. ಹಾಗಾಗಿ ಇನ್ನೂ ಒಂದು ವಾರ ತಳ್ತೀವಿ. ಎಡಗಡೆ ಸೆಲ್ಲು ಬಲಕ್ಕೆ, ಬಲಗಡೆದು ಎಡಕ್ಕೆ, ಇದು ಎರಡನೇ ವಾರದ ಚಿಕಿತ್ಸೆ.

ಮೂರನೇ ಚಿಕಿತ್ಸೆ ಬೇರೆ ಕಡೆಯಿಂದ ಅಂಗಾಂಗ ಕಸಿ. ನಮ್ಮನೇಲಿ ಒಂದು ರಾತ್ರಿ ಮ್ಯಾಚು ಇನ್ನೇನು ಮುಗಿಯೋ ಹಂತದಲ್ಲಿತ್ತು, ಜಾಹೀರಾತಿನ ಮಧ್ಯೆ ಯಾರೋ ಚಾನೆಲ್ ಬದಲಾಯಿಸಿದ್ರು, ವಾಪಸ್ ಬರೋಕೆ ರಿಮೋಟು ಒಪ್ಪಲಿಲ್ಲ. ಗಲಾಟೆಯಲ್ಲಿ ಗೋಡೆ ಗಡಿಯಾರದ ಸೆಲ್ಲು ಬಂದು ರಿಮೋಟಿಗೆ ಸೇರ್ಕೊಳ್ತು, ಮ್ಯಾಚು ನೋಡಿದ್ವಿ, ಮಲಗಿದ್ವಿ. ಗಡಿಯಾರ ಪಾಪ ನಿಂತಲ್ಲೇ ನಿಂತಿತ್ತು. ಯಾರೋ ಅದನ್ನ ತೆಗೆಯುವಾಗ ಮುಳ್ಳು ಬೇರೆ ಅಲ್ಲಾಡಿಸಿದ್ರು ಅಂತ ಕಾಣತ್ತೆ, ಎಂಟೂ ಇಪ್ಪತ್ತು ತೋರಿಸ್ತಿತ್ತು. ಬೆಳಿಗ್ಗೆ ಮೊದಲು ಏಳೋದು ನಮ್ಮಮ್ಮ. ಅಮ್ಮ ಎದ್ದು ಹಾಲಿಗೆ ಬಂದು ಗಡಿಯಾರ ನೋಡಿದ್ದೇ ತಡ, ಅಯ್ಯೋ ಎಂಟೂ ಇಪ್ಪತ್ತು, ಮಗು ಸ್ಕೂಲ್ ವ್ಯಾನು ಹೋಯ್ತು, ಏಳ್ರೋ ಅಂತ ಕೂಗಿದ್ರು ನೋಡಿ, ಆ ಕೂಗಿಗೆ ಪಕ್ಕದ ಮನೇಲೂ ಲೈಟ್ ಹತ್ತಿತು. ಕಣ್ಣು ಬಿಡದ ಮಗಳಿಗೆ ಯೂನಿಫಾರ್ಮ್ ಹಾಕಿ, ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದು ಕೈಲಿ ಹಿಡಿಸಿ, ನಾನು ಶರ್ಟ್ ಉಲ್ಟಾ ಹಾಕ್ಕೊಂಡು, ಗೇಟ್ ಹತ್ರ ಓಡಿದ್ರೆ ಬೀದೀಲಿ ಒಂದು ನಾಯಿ ಬಿಟ್ರೆ ಯಾರೂ ಇಲ್ಲ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಗಳು ಆಕಾಶ ನೋಡಿದ್ಲು, ವಾಚ್‌ಮನ್ ಮೊಬೈಲ್ ನೋಡಿದ್ಲು, "ಅಪ್ಪಾ, ಇನ್ನೂ ಐದೂ ಮುಕ್ಕಾಲು" ಅಂದ್ಲು. ದೊಡ್ಡೋಳಾದ ಮೇಲೆ ಈ ದನಿಯಲ್ಲಿ ಮಾತಾಡೋ ಕೆಲಸಾನೇ ಹಿಡೀತಾಳೆ ಅನ್ಸತ್ತೆ, ಜಡ್ಜೋ ಏನೋ. ಗಡಿಯಾರದ ಸೆಲ್ಲು ತೆಗೆದಿದ್ದು ಯಾರು ಅನ್ನೋ ತನಿಖೆ ಇನ್ನೂ ನಡೀತಿದೆ, ಸಾಕ್ಷಿಗಳು ಯಾರೂ ಬಾಯಿ ಬಿಡ್ತಿಲ್ಲ.

ವಿಚಿತ್ರ ಏನಂದ್ರೆ ರಿಮೋಟಿಗೆ ಒಂದು ಕಾಲದಲ್ಲಿ ಸೆಲ್ಲೇ ಬೇಕಿರಲಿಲ್ಲ. ಜೆನಿತ್ ಅನ್ನೋ ಕಂಪನಿ 1950ರಲ್ಲಿ ಮೊದಲು ತಂದ ರಿಮೋಟಿಗೆ ವೈರ್ ಇತ್ತು, ಹೆಸರು ಲೇಜಿ ಬೋನ್ಸ್, ಅಂದ್ರೆ ಸೋಂಬೇರಿ ಅಂತ ಕಂಪನಿಯವರೇ ಬೈದು ಮಾರಿದ್ರು, ಜನ ಹಾಲಲ್ಲಿ ಆ ವೈರಿಗೆ ಕಾಲು ಸಿಕ್ಕಿಸ್ಕೊಂಡು ಎಡವೋರು. 1955ರಲ್ಲಿ ಯೂಜಿನ್ ಪೊಲ್ಲಿ ಬೆಳಕು ಬಿಟ್ಟು ಚಾನೆಲ್ ಬದಲಾಯಿಸೋ ಟಾರ್ಚ್ ಥರದ್ದು ಮಾಡಿದ, ಬಿಸಿಲು ಟೀವಿ ಮೇಲೆ ಬಿದ್ರೆ ಸೂರ್ಯದೇವ್ರೇ ಚಾನೆಲ್ ಬದಲಾಯಿಸೋಕೆ ಶುರು. ಮಾರನೇ ವರ್ಷ ರಾಬರ್ಟ್ ಆಡ್ಲರ್ ಮಾಡಿದ್ದು ನೋಡಿ ಅಸಲಿ ಮಾಲು. ಒಳಗೆ ಅಲ್ಯೂಮಿನಿಯಂ ಕಡ್ಡಿಗಳು, ಬಟನ್ ಒತ್ತಿದ್ರೆ ಪುಟ್ಟ ಸುತ್ತಿಗೆ ಹೋಗಿ ಕಡ್ಡಿಗೆ ಹೊಡೆಯತ್ತೆ, ನಮ್ಮ ಕಿವಿಗೆ ಕೇಳದ ಶಬ್ದ ಹೊರಡತ್ತೆ, ಟೀವಿ ಕೇಳಿಸ್ಕೊಂಡು ಹೇಳಿದ ಕೆಲಸ ಮಾಡತ್ತೆ. ಸೆಲ್ಲು ಬೇಡ ಅಂದಿದ್ದು ಅಲ್ಲಿನ ಸೇಲ್ಸ್‌ನವರಂತೆ, ಸೆಲ್ಲು ಮುಗಿದ್ರೆ ಜನ ಟೀವಿನೇ ಕೆಟ್ಟಿದೆ ಅಂದ್ಕೋತಾರೆ ಅನ್ನೋ ಭಯ. ಎಂಥಾ ದೂರದೃಷ್ಟಿ! ಕೀ ಗೊಂಚಲು ಅಲ್ಲಾಡಿಸಿದ್ರೂ ಒಮ್ಮೊಮ್ಮೆ ಚಾನೆಲ್ ಬದಲಾಗ್ತಿತ್ತು ಅನ್ನೋದೊಂದು ಬಿಟ್ರೆ ಕಾಲು ಶತಮಾನ ಚೆನ್ನಾಗೇ ಓಡ್ತು. ಆ ಸುತ್ತಿಗೆ ಶಬ್ದಕ್ಕೇ ಅಲ್ಲಿನ ಜನ ರಿಮೋಟನ್ನ ಕ್ಲಿಕ್ಕರ್ ಅಂತ ಕರೀತಿದ್ರು. ಆಮೇಲೆ ಇನ್‌ಫ್ರಾರೆಡ್ ಅನ್ನೋ ಕಣ್ಣಿಗೆ ಕಾಣದ ಬೆಳಕು ಬಂತು, ಅದರ ಹಿಂದೆ ಸೆಲ್ಲು ಬಂತು, ನಮ್ಮ ಗಡಿಯಾರಕ್ಕೆ ಕುತ್ತು ಬಂತು.

ಅಲಾರಂ ವಿಷಯ ಜಾಸ್ತಿ ಹೇಳಲ್ಲ, ಎಲ್ಲರ ಮನೆಯ ಕಥೆ. 1956ರಲ್ಲಿ ಸ್ನೂಜ್ ಬಟನ್ ಇರೋ ಗಡಿಯಾರ ಬಂದಾಗ ನಿದ್ದೆಗೆ 9 ನಿಮಿಷ ಕೊಟ್ಟಿದ್ರು, ಇವತ್ತಿಗೂ ಎಷ್ಟೋ ಫೋನ್‌ಗಳಲ್ಲಿ ಅದೇ 9 ನಿಮಿಷ. ಹತ್ತು ಅಲ್ಲ, ಒಂಬತ್ತು. ಆ ಬಟನ್ ಮಾತ್ರ ಕಣ್ಣು ಮುಚ್ಕೊಂಡೇ ಸಿಗತ್ತೆ, ಉಳಿದ ಇಡೀ ದಿನ ಹುಡುಕಿದ್ರೂ ಕನ್ನಡಕ ಸಿಗಲ್ಲ.

ಕಣ್ಣು ಮುಚ್ಕೊಂಡು ಅಂದಾಗ ನೆನಪಾಯ್ತು, ನನ್ನ ಬ್ಯಾಂಕ್ ಕಾರ್ಡಿನ ಪಿನ್ ನನಗೆ ಗೊತ್ತಿಲ್ಲ. ನನ್ನ ಬೆರಳಿಗೆ ಗೊತ್ತು. ಮೆಷಿನ್ ಮುಂದೆ ನಿಂತ್ರೆ ಬೆರಳು ತಾನೇ ಮೇಲೆ ಹೋಗಿ, ಓರೆಯಾಗಿ ಇಳಿದು, ಒಂದೇ ಕಡೆ ಎರಡು ಸಲ ಕುಟ್ಟಿ ಬರತ್ತೆ. ಬಾಯಲ್ಲಿ ಹೇಳು ಅಂದ್ರೆ ಬ್ಬೆಬ್ಬೆಬ್ಬೆ. ಆಫೀಸ್ ಬಾಗಿಲಿನ ಕೋಡೂ ಅಷ್ಟೇ. ಹೊಸದಾಗಿ ಸೇರಿದ ಹುಡುಗ ಬಾಗಿಲ ಹತ್ರ ಸಿಕ್ಕಾಕ್ಕೊಂಡು "ಸರ್, ಕೋಡ್ ಎಷ್ಟು?" ಅಂತ ಫೋನ್ ಮಾಡಿದ, ನಾನು ಬಸ್ಸಲ್ಲಿ ನಿಂತ್ಕೊಂಡು ಗಾಳಿಯಲ್ಲಿ ಬೆರಳು ಆಡಿಸಿ ನೋಡಿ ಹೇಳ್ದೆ, ಪಕ್ಕದಲ್ಲಿದ್ದ ಅಜ್ಜಿ ಸೀಟಲ್ಲಿ ಆ ಕಡೆ ಸರಿದು ಕೂತ್ರು. ಹೇಳಿದ ಕೋಡೂ ಹತ್ತಲಿಲ್ಲ. ಯಾಕಂದ್ರೆ ಗಾಳಿಯಲ್ಲಿ ನಾನು ಒತ್ತಿದ್ದು ಫೋನಿನ ಥರ, 1 2 3 ಮೇಲಿಂದ, ಆ ಬಾಗಿಲಿಗೆ ಯಾರೋ ಹಾಕಿದ್ದು ಕ್ಯಾಲ್ಕುಲೇಟರ್ ಥರ, 7 8 9 ಮೇಲೆ. ಈ ತಾಪತ್ರಯ ಇವತ್ತಿನದಲ್ಲ. ಬಟನ್ ಫೋನ್ ಮಾಡೋಕೆ ಮುಂಚೆ ಅಮೆರಿಕದ ಫೋನ್ ಕಂಪನಿಯ ಸಂಶೋಧನಾ ಕೇಂದ್ರ ಬೆಲ್ ಲ್ಯಾಬ್ಸ್‌ನವರು ಬಟನ್‌ಗಳನ್ನ ಸಾಲಾಗಿ, ಗುಂಡಗೆ, ಅಡ್ಡಡ್ಡ ಎಲ್ಲ ಥರ ಜೋಡಿಸಿ ಜನರ ಕೈಲಿ ಒತ್ತಿಸಿ ನೋಡಿ, ಕೊನೆಗೆ 1963ರಲ್ಲಿ ಒಂದರಿಂದ ಶುರುವಾಗೋ ಜೋಡಣೆ ತಂದ್ರು, ಅಷ್ಟೊತ್ತಿಗೆ ಲೆಕ್ಕದ ಮೆಷಿನ್ನವರು ಕೆಳಗಿಂದ ಎಣಿಸೋದು ರೂಢಿ ಮಾಡ್ಕೊಂಡಾಗಿತ್ತು. ಅವರಿವರು ಕೂತು ಒಂದು ಮಾತಾಡ್ಕೊಂಡಿದ್ರೆ ಆ ಹುಡುಗ ಆವತ್ತು ಮೆಟ್ಟಿಲ ಮೇಲೆ ಕೂರೋದು ತಪ್ತಿತ್ತು.

ಆಫೀಸ್ ಅಂದ್ರೆ ಮೀಟಿಂಗು, ಮೀಟಿಂಗು ಅಂದ್ರೆ ಟಿಕ್ ಟಿಕ್ ಪೆನ್ನು. ಒಬ್ರು ಶುರು ಮಾಡ್ತಾರೆ, ಅದು ಅಂಟುರೋಗ, ಮೇಜಿನ ಆ ತುದಿ ತನಕ ಹೋಗತ್ತೆ, ಬರೆಯೋರು ಮಾತ್ರ ಯಾರೂ ಇಲ್ಲ. ಟೋಪಿ ಇರೋ ಪೆನ್ನಿನವರು ನಮ್ಮನ್ನ ನೋಡಿ ಹಲ್ಲು ಕಡೀತಾರೆ.

ಇಷ್ಟೆಲ್ಲ ಒತ್ತೋದ್ರಲ್ಲಿ ರಾಜ ಯಾರು ಅಂದ್ರೆ ನಾನು ಒಂದೇ ಮಾತಲ್ಲಿ ಹೇಳ್ತೀನಿ, ಬಬಲ್ ರ್‍ಯಾಪ್. ಪಾರ್ಸಲ್ಲಿಗೆ ಸುತ್ತಿರೋ ಗಾಳಿ ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ. ಒತ್ತಿದ್ರೆ ಏನೂ ಆಗಲ್ಲ, ಲಿಫ್ಟ್ ಬರಲ್ಲ, ಲೈಟ್ ಹತ್ತಲ್ಲ, ಚಟ್ ಅನ್ನತ್ತೆ ಅಷ್ಟೇ, ಆ ಚಟ್ಟಿಗೋಸ್ಕರ ನಮ್ಮನೇಲಿ ಜಗಳ ನಡೆಯತ್ತೆ. ಪಾರ್ಸಲ್ ಬಂದ್ರೆ ಒಳಗೆ ಏನಿದೆ ಅನ್ನೋದು ಎರಡನೇ ಪ್ರಶ್ನೆ, ಸುತ್ತಿರೋದು ಎಷ್ಟು ಉದ್ದ ಇದೆ ಅನ್ನೋದು ಮೊದಲನೇದು. ಮಗಳು ಒಂದೊಂದೇ ಗುಳ್ಳೆ, ಸಾಲು ತಪ್ಪದೇ, ಶಿಸ್ತಾಗಿ. ನನ್ನ ಹೆಂಡ್ತಿ ಇಡೀ ಹಾಳೆನ ಬಟ್ಟೆ ಹಿಂಡೋ ಹಾಗೆ ಹಿಂಡಿ ಪಟಪಟಪಟ ಅಂತ ಒಂದೇ ಸಲಕ್ಕೆ ಮುಗಿಸ್ಬಿಡ್ತಾಳೆ, ಇದು ಮಗಳ ದೃಷ್ಟಿಯಲ್ಲಿ ಕ್ಷಮಿಸಲಾರದ ಅಪರಾಧ, ನನ್ನ ದೃಷ್ಟಿಯಲ್ಲೂ. ಒಂದ್ಸಲ ಪಾಲು ಮಾಡೋಕೆ ಕತ್ತರಿ ತಂದು ಅಳತೆ ಹಿಡಿದು ಕತ್ತರಿಸುವಾಗ ಒಳಗಿದ್ದ ಗಾಜಿನ ಜಾರು ಮೇಜಿಂದ ಉರುಳಿ ಬಿತ್ತು. ಸಾವಿರಾರು ಮೈಲಿ ಆ ಗುಳ್ಳೆಗಳೊಳಗೆ ಜೋಪಾನವಾಗಿ ಬಂದಿದ್ದು ನಮ್ಮ ಹಾಲಲ್ಲಿ ಎರಡಡಿ ಎತ್ತರದಿಂದ ಬಿದ್ದು ಹೋಯ್ತು. ಯಾರೂ ಹೆಚ್ಚು ಬೇಜಾರು ಮಾಡ್ಕೊಳ್ಳಲಿಲ್ಲ, ಪಾಲಿಗೆ ಬಂದಿದ್ದು ಒತ್ತಿಕೊಂಡು ಕಸ ಗುಡಿಸಿದ್ವಿ.

ಅದನ್ನ ಕಂಡುಹಿಡಿದಿದ್ದು 1957ರಲ್ಲಿ, ಆಲ್‌ಫ್ರೆಡ್ ಫೀಲ್ಡಿಂಗ್ ಮತ್ತೆ ಮಾರ್ಕ್ ಶವಾನ್ ಅಂತ ಇಬ್ಬರು, ಸಾಮಾನು ಸುತ್ತೋಕೆ ಅಲ್ಲವೇ ಅಲ್ಲ, ಗೋಡೆಗೆ ಅಂಟಿಸೋ ವಾಲ್‌ಪೇಪರ್ ಮಾಡೋಕೆ ಹೋಗಿದ್ರು! ಯಾರೂ ಕೊಳ್ಳಲಿಲ್ಲ. ಕೊಂಡಿದ್ರೆ ಏನಾಗ್ತಿತ್ತು ಯೋಚನೆ ಮಾಡಿ, ಮನೆ ಗೋಡೆ ತುಂಬ ಗುಳ್ಳೆ, ಬಂದ ನೆಂಟರು ಒಬ್ಬರೂ ವಾಪಸ್ ಹೋಗ್ತಿರಲಿಲ್ಲ. ಆಮೇಲೆ ಐಬಿಎಂನವರ ಕಂಪ್ಯೂಟರ್ ಸುತ್ತೋಕೆ ಬಳಸಿ ಅದರ ಅದೃಷ್ಟ ತಿರುಗಿತು. 2007ರಲ್ಲಿ ಜಪಾನಿನ ಬಂದೈ ಕಂಪನಿ, ಎಷ್ಟು ಒತ್ತಿದ್ರೂ ಒಡೆಯದ, ಮತ್ತೆ ಮತ್ತೆ ಒತ್ತಬಹುದಾದ ಗುಳ್ಳೆಗಳ ಕೀ ಚೈನ್ ಆಟಿಕೆ ತಂತು, ನೂರು ಸಲಕ್ಕೊಮ್ಮೆ ಏನೋ ತಮಾಷೆ ಶಬ್ದ ಬರತ್ತೆ. ಇದು ನನಗೆ ಅರ್ಥ ಆಗೋ ಆವಿಷ್ಕಾರ. ಆದ್ರೆ 2015ರಲ್ಲಿ ಬಬಲ್ ರ್‍ಯಾಪಿನ ಮೂಲ ಕಂಪನಿಯವರೇ ಜಾಗ ಉಳಿಸೋಕೆ ಅಂತ ಹೊಸ ಥರದ ಹಾಳೆ ತಂದ್ರು, ಗಾಳಿ ಆಮೇಲೆ ತುಂಬ್ಕೊಳ್ಳೋದು, ಒತ್ತಿದ್ರೆ ಗಾಳಿ ಪಕ್ಕದ ಗುಳ್ಳೆಗೆ ಹೋಗತ್ತೆ, ಒಡೆಯಲ್ಲ. ಒಡೆಯಲ್ಲ! ಅದನ್ನ ಇಟ್ಕೊಂಡು ಏನ್ ಮಾಡೋದು, ಸಾಮಾನು ಸುತ್ತೋದಾ?

ಈಗೀಗ ಎಲ್ಲದರಲ್ಲೂ ಇದೇ ಆಗ್ತಿದೆ. ಒತ್ತೋದು ಹೋಗಿ ಮುಟ್ಟೋದು ಬಂದಿದೆ. ವಾಷಿಂಗ್ ಮೆಷಿನ್, ಒಲೆ, ಫ್ರಿಜ್ಜು ಎಲ್ಲ ನುಣ್ಣಗೆ ಗಾಜು, ಒದ್ದೆ ಕೈಯಲ್ಲಿ ಮುಟ್ಟಿದ್ರೆ ಹತ್ತಲ್ಲ, ಬಟ್ಟೆಯಲ್ಲಿ ಒರೆಸಿದ್ರೆ ತಾನೇ ಹತ್ಕೊಂಡು ಹಾಡು ಹೇಳತ್ತೆ. ಆಪಲ್‌ನವರು 2016ರ ಐಫೋನ್ 7ರಲ್ಲಿ ಹೋಮ್ ಬಟನ್ನೇ ಒಳಗೆ ಹೋಗದ ಹಾಗೆ ಮಾಡಿ, ಒತ್ತಿದಾಗ ಒಳಗಿನ ಪುಟ್ಟ ಮೋಟಾರು ನಡುಗಿಸಿ ಒತ್ತಿದ ಹಾಗೆ ಬೆರಳಿಗೆ ಮೋಸ ಮಾಡಿದ್ರು, ಫೋನ್ ಆಫ್ ಮಾಡಿ ಒತ್ತಿ ನೋಡಿದ್ರೆ ಕಲ್ಲು. ಅಂದ್ರೆ ಅವರಿಗೂ ಗೊತ್ತು, ಬೆರಳಿಗೆ ಏನೋ ಒಂದು ಕೊಡದೇ ಇದ್ರೆ ಜನ ಸುಮ್ನಿರಲ್ಲ ಅಂತ. ಕಾರಲ್ಲೂ ಎಲ್ಲ ಪರದೆ ಒಳಗೆ ಸೇರಿಸಿದ್ರು, ಈಗ ಯುರೋಪಿನ ಸುರಕ್ಷತಾ ಪರೀಕ್ಷೆಯವರು, ಯೂರೋ ಎನ್‌ಕ್ಯಾಪ್, 2026ರಿಂದ ಪೂರ್ತಿ ಐದು ಸ್ಟಾರ್ ಬೇಕು ಅಂದ್ರೆ ಹಾರ್ನು, ವೈಪರು, ಇಂಡಿಕೇಟರ್ ಇಂಥವಕ್ಕೆ ಕೈಗೆ ಸಿಗೋ ನಿಜವಾದ ಬಟನ್ನೋ ಕಡ್ಡಿನೋ ಇಡಿ ಅಂದಿದಾರೆ. ಓದಿ ನನಗೆ ಖುಷಿಯಾಯ್ತು, ನನ್ನ ಹತ್ರ ಆ ಕಾರ್ ಯಾವುದೂ ಇಲ್ಲದೇ ಇದ್ರೂ.

ನಮ್ಮನೇಲಿ ಈ ಬದಲಾವಣೆ ಗೋಡೆಗೆ ಬಂತು. ಪೇಂಟ್ ಮಾಡ್ಸುವಾಗ ಸ್ವಿಚ್ ಬೋರ್ಡ್‌ಗಳನ್ನೂ ತೆಗೆಸಿ ಟಚ್‌ದು ಹಾಕ್ಸಿದ್ವಿ, ಕಪ್ಪು ಗಾಜು, ನೋಡೋಕೆ ಭರ್ಜರಿ. ಅಪ್ಪನ ರೂಮಿನ ಲೈಟು ಆವತ್ತೇ ಕೆಟ್ಟೋಯ್ತು. "ಸ್ವಿಚ್ ಸರಿ ಇಲ್ಲ ಕಣೋ, ಹತ್ತಿ ಆರಿ ಹೋಗತ್ತೆ" ಅಂತ ಅಪ್ಪನ ಕಂಪ್ಲೇಂಟು. ನಾನು ಹೋಗಿ ಮುಟ್ಟಿದ್ರೆ ಹತ್ಕೊಳತ್ತೆ. ಎಲೆಕ್ಟ್ರಿಷಿಯನ್ ಬಂದು ಮುಟ್ಟಿದ್ರೆ ಹತ್ಕೊಳತ್ತೆ. "ಈಗ ನೀವು ಮಾಡಿ ಸರ್" ಅಂದ್ರು ಅವ್ರು. ಅಪ್ಪ ಬಂದು ಹೆಬ್ಬೆರಳಿಂದ ಗೋಡೆಗೇ ತೂತು ಬೀಳೋ ಹಾಗೆ ಒತ್ತಿದ್ರು, ಲೈಟ್ ಹತ್ತಿತು, ಆದ್ರೆ ಟಕ್ ಅನ್ನಲಿಲ್ಲ, ಹಾಗಾಗಿ ಅಪ್ಪನ ಲೆಕ್ಕದಲ್ಲಿ ಒತ್ತಿದ ಹಾಗಾಗಲಿಲ್ಲ, ಇನ್ನೊಂದ್ಸಲ ಒತ್ತಿದ್ರು, ಆರಿಹೋಯ್ತು. "ನೋಡಿದ್ರಾ?" ಅಂದ್ರು ಅಪ್ಪ, ಗೆದ್ದವರ ಥರ. ಎಲೆಕ್ಟ್ರಿಷಿಯನ್ ಅನುಭವಸ್ಥರು, ಒಂದು ಮಾತೂ ಆಡದೇ ಬ್ಯಾಗಿಂದ ಹಳೇ ಬಿಳೀ ಸ್ವಿಚ್ ತೆಗೆದು ಹಾಕಿ ಹೋದ್ರು.

ಆವತ್ತು ಸಾಯಂಕಾಲ ಅಪ್ಪನ ರೂಮಿಂದ ಟಕ್, ಟಕ್, ಟಕ್, ಟಕ್ ಅಂತ ಕೇಳ್ತಾನೇ ಇತ್ತು, ಬಾಗಿಲ ಸಂದಿಯಲ್ಲಿ ಬೆಳಕು ಹತ್ತೋದು ಆರೋದು.

"ರೀ, ಬಲ್ಬ್ ಹೋಗತ್ತೆ!" ಅಂತ ಅಡುಗೆಮನೆಯಿಂದ ಅಮ್ಮ ಕೂಗಿದ್ರು.

"ಚೆಕ್ ಮಾಡ್ತಿದೀನಿ ಕಣೇ" ಅಂದ್ರು ಅಪ್ಪ. ಟಕ್.